ಎರ್ಣಾಕುಲಂ ಜೆಟ್ಟಿಯ ಚಪ್ಪಲಿ ಚೀಲ

ಬುಧವಾರ, ತಂಪಾನೂರು

ಧಾರವಾಡದಲ್ಲಿ ಐದು ವರ್ಷ ಏರು ಹತ್ತಿ ಕಾಲೇಜಿಗೆ ಸೈಕಲ್ ಹೊಡೆದವನು ನಾನು. ತಿರುವನಂತಪುರದ ರಸ್ತೆಗಳು ನನಗೇನು ಮಾಡಿಯಾವು ಎಂದುಕೊಂಡಿದ್ದೆ. ಮೊದಲ ದಿನವೇ ಮೂರು ಕಡೆ ಇಳಿದು ಸೈಕಲ್ ತಳ್ಳಬೇಕಾಯಿತು. ಸಮಾಧಾನವೆಂದರೆ ಇಲ್ಲಿ ತಳ್ಳುವುದಕ್ಕೆ ಯಾರೂ ನಾಚುವುದಿಲ್ಲ. ಏರು ಬಂದ ಕೂಡಲೇ ನಾಲ್ಕಾರು ಜನ ಒಟ್ಟಿಗೆ ಇಳಿಯುತ್ತಾರೆ, ಮಾತಾಡುತ್ತ ತಳ್ಳುತ್ತಾರೆ, ನೆತ್ತಿ ಬಂದ ಮೇಲೆ ಮಾತು ಅರ್ಧಕ್ಕೇ ಬಿಟ್ಟು ಹತ್ತಿ ಹೋಗುತ್ತಾರೆ.

ಇದು 1968ರ ಸೆಪ್ಟೆಂಬರ್ ತಿಂಗಳ ಮಾತು. ಕಚೇರಿಯ ಇಲಾಖಾ ಪರೀಕ್ಷೆ ಬರೆಯಲು ಬಂದು ತಂಪಾನೂರಿನ ರೈಲು ನಿಲ್ದಾಣದ ಎದುರಿನ ಲಾಡ್ಜಿನಲ್ಲಿ ಇಳಿದಿದ್ದೆ. ಪರೀಕ್ಷೆ ಮುಗಿದ ಸಂಜೆ ಬಾಡಿಗೆ ಸೈಕಲ್ಲಿನಲ್ಲಿ ಊರು ನೋಡಲು ಹೊರಟೆ. ಪಂಚೆಯನ್ನು ಮೊಣಕಾಲಿಗೆ ಮಡಚಿ ಕಟ್ಟಿದ ಒಬ್ಬ ನನ್ನ ಮುಂದೆ ಹೋಗುತ್ತಿದ್ದ. ಎದುರಿಗೆ ಹಿರಿಯರೊಬ್ಬರು ಬಂದರು. ಇವನು ಬಲಗೈಯಲ್ಲಿ ಹ್ಯಾಂಡಲ್ ಹಿಡಿದೇ ಎಡಗೈಯಿಂದ ಪಂಚೆಯ ಮಡಿಕೆ ಬಿಚ್ಚಿ ಇಳಿಬಿಟ್ಟ. ಅವರು ದಾಟಿದ ಮೇಲೆ ಮತ್ತೆ ಎತ್ತಿ ಕಟ್ಟಿದ. ಸೈಕಲ್ ಒಂದಿಷ್ಟೂ ಅಲುಗಲಿಲ್ಲ. ನಮ್ಮಲ್ಲಿ ಹಿರಿಯರು ಕಂಡರೆ ಸೈಕಲ್ಲಿನಿಂದ ಇಳಿಯುತ್ತೇವೆ. ಇಲ್ಲಿ ಇಳಿಯುವುದು ಪಂಚೆ ಮಾತ್ರ.

ಕತ್ತಲಾಗುವ ಹೊತ್ತಿಗೆ ಪೊಲೀಸಿನವನು ಕೈ ಅಡ್ಡ ಹಿಡಿದ. ನನ್ನ ಸೈಕಲ್ಲಿಗೆ ದೀಪವಿರಲಿಲ್ಲ. ಅವನು ಬೈಯಲಿಲ್ಲ, ಹೆಸರು ಕೇಳಲಿಲ್ಲ. ಕುಕ್ಕರಗಾಲಿನಲ್ಲಿ ಕುಳಿತು ಹಿಂದಿನ ಗಾಲಿಯ ವಾಲ್ವು ತಿರುವಿ ಕಿತ್ತು ಜೇಬಿಗೆ ಹಾಕಿಕೊಂಡ. ಜೇಬಿನೊಳಗೆ ಅಂಥವು ಹಲವು ಗಿಲಿಗಿಲಿ ಎಂದವು. ಗಾಳಿಯೆಲ್ಲ ಹೋದ ಮೇಲೆ “ಪೊಯ್ಕ್ಕೋ” ಎಂದ. ಹೋಗು ಅಂತ.

ಸ್ವಲ್ಪ ದೂರ ತಳ್ಳಿಕೊಂಡು ಬಂದಿದ್ದೆ. ನನ್ನ ಹಿಂದೆಯೇ ಪೊಲೀಸಿನವನಿಗೆ ಸಿಕ್ಕಿಬಿದ್ದಿದ್ದ ಇನ್ನೊಬ್ಬ ನನ್ನ ಜೊತೆಯಾದ. ಸೊಂಟದ ಗಂಟು ಬಿಚ್ಚಿ ಎರಡು ವಾಲ್ವು ತೆಗೆದ. ಒಂದು ತನಗೆ, ಒಂದು ನನಗೆ. ಅಂಗಡಿಯ ಪಂಪಿನಲ್ಲಿ ಗಾಳಿಯನ್ನೂ ಹಾಕಿದ. ಇಷ್ಟು ತಯಾರಿ ಮಾಡುವ ಬದಲು ದೀಪವನ್ನೇ ಹಚ್ಚಿಕೊಳ್ಳಬಾರದೇ ಎಂದು ಸನ್ನೆಯಲ್ಲಿ ಕೇಳಿದೆ.

“ದೀಪಕ್ಕೆ ಎಣ್ಣೆ ಬೇಡವೇ ಸಾರೇ? ವಾಲ್ವಿಗೆ ಏನೂ ಬೇಡ” ಎಂದ. ಅಷ್ಟು ಮಲಯಾಳ ನನಗೂ ತಿಳಿಯಿತು.

ಈ ಊರಿನ ರೀತಿನೀತಿ ನನಗೆ ಅರ್ಥವಾಯಿತು ಎಂದು ಅವತ್ತೇ ದಿನಚರಿಯಲ್ಲಿ ಬರೆದೆ. ಅವಸರ ಮಾಡಿದೆ.

ಗುರುವಾರ, ಎರ್ಣಾಕುಲಂ

ಎರ್ಣಾಕುಲದಲ್ಲಿ ನನ್ನ ಅಕ್ಕ ಸುಮಿತ್ರಾ ಮತ್ತು ಭಾವ ಇದ್ದಾರೆ. ಭಾವ ಕೇಂದ್ರ ಸರಕಾರದ ಕಚೇರಿಯೊಂದರಲ್ಲಿ ಅಧಿಕಾರಿ. ನಲವತ್ತರ ಹತ್ತಿರದವರು, ಗುಂಡಗಿನ ಮೈ, ಎಲ್ಲಿಗೆ ಹೋದರೂ ಹೊತ್ತಿಗೆ ಸರಿಯಾಗಿ ಹೋಗುವ ಮನುಷ್ಯ. ಮೂರು ವರ್ಷದ ಹಿಂದೆ ಇಲ್ಲಿಗೆ ವರ್ಗವಾಗಿ ಬಂದರು. ಈ ತಿಂಗಳ ಕೊನೆಗೆ ನಾಗಪುರಕ್ಕೆ ಹೋಗುವ ಆದೇಶ ಬಂದಿದೆ. ಮನೆ ಪಾಲಾರಿವಟ್ಟಂ ಕೂಡುರಸ್ತೆಯ ಹಿಂದಿನ ಓಣಿಯಲ್ಲಿ. ನಾಲ್ಕು ಅಂಗಡಿ, ಒಂದು ವಾಚನಶಾಲೆ, ಅದರ ಎದುರಿಗೆ ಒಂದು ಟ್ಯುಟೋರಿಯಲ್ ಕಾಲೇಜು, ಆಮೇಲೆ ತೆಂಗಿನ ತೋಟ.

ಅಕ್ಕ ಚಹಾ ಕೊಡುತ್ತಲೇ ಶುರುಮಾಡಿದಳು.

“ವಸ್ಯಾ, ಸರಿಯಾದ ವ್ಯಾಳ್ಯಾಕ್ಕ ಬಂದಿ ನೋಡು. ಭಾನುವಾರ ನಿಮ್ಮ ಭಾವ ಚಪ್ಪಲಿ ಚೀಲ ಹೊರ್ತಾರ. ನೋಡಿಕೊಂಡೇ ಊರಿಗೆ ಹೋಗು.”

“ಎಂಥಾ ಚೀಲ?”

“ನೀ ಸುಮ್ಮನಿರು ಸ್ವಲ್ಪ,” ಎಂದರು ಭಾವ ಅವಳಿಗೆ.

“ಯಾಕ ಸುಮ್ಮನಿರಲಿ? ಕಾಯಿಪಲ್ಯದಾವ ಸುದ್ದಾ ನನಗ ‘ಚೆರಿಪ್ಪು ಸಾರಿನ ಮನೆಯವರು’ ಅಂತಾನ. ಚೆರಿಪ್ಪು ಅಂದ್ರ ಚಪ್ಪಲಿ. ನಾಗಪುರಕ್ಕ ಹೋಗೋ ಮುಂದ ಇದೊಂದು ಬಿರುದು ಕಟ್ಟಿಕೊಂಡು ಹೋಗೋದು.”

ಸಂಗತಿ ಇಷ್ಟು. ಓಣಂ ಕಳೆದ ಮೇಲಿನ ಭಾನುವಾರ ವಾಚನಶಾಲೆಯವರೂ ಟ್ಯುಟೋರಿಯಲ್ ಕಾಲೇಜಿನ ಹುಡುಗರೂ ಸೇರಿ ಸೈಕಲ್ ಪಂದ್ಯ ನಡೆಸುತ್ತಾರೆ. ಇಲ್ಲಿಂದ ಎರ್ಣಾಕುಲಂ ಬೋಟ್ ಜೆಟ್ಟಿಯವರೆಗೆ ಒಂದು ಹಂತ. ಅಲ್ಲಿ ಎಲ್ಲರೂ ಸೈಕಲ್ ಸಮೇತ ಒಂದೇ ಬೋಟು ಹತ್ತಿ ಹಿನ್ನೀರು ದಾಟುತ್ತಾರೆ. ಆಚೆ ದಡ ಫೋರ್ಟ್ ಕೊಚ್ಚಿ. ಅಲ್ಲಿ ಇಳಿದು ಮೈದಾನದವರೆಗೆ ಇನ್ನೊಂದು ಹಂತ. ಚಪ್ಪಲಿ ಪೆಡಲಿನಿಂದ ಜಾರುತ್ತದೆಂದು ಬರಿಗಾಲಲ್ಲೇ ತುಳಿಯುತ್ತಾರೆ. ಎಲ್ಲರ ಚಪ್ಪಲಿಗಳನ್ನೂ ಒಂದು ಗೋಣಿಚೀಲಕ್ಕೆ ತುಂಬಿ, ನೋಡಲು ಹೋಗುವವರ ವ್ಯಾನಿನಲ್ಲಿ ಜೆಟ್ಟಿಯ ಚಹಾ ಅಂಗಡಿಗೆ ಮುಟ್ಟಿಸುತ್ತಾರೆ. ಬೋಟು ತಪ್ಪಿಸಿಕೊಂಡವನು ಆ ಚೀಲ ಹೊತ್ತುಕೊಂಡು ಮುಂದಿನ ಬೋಟಿಗೆ ಬರಬೇಕು. ಮೂರು ವರ್ಷವೂ ತಪ್ಪಿಸಿಕೊಂಡವರು ಭಾವ.

ಅವರ ಹೊಟ್ಟೆ ನೋಡಿ ನಾನು ಕಾರಣ ಕೇಳಲಿಲ್ಲ.

ಶುಕ್ರವಾರ, ಬೋಟಿನಲ್ಲಿ ಎರಡು ಸಲ

ಭಾವ ಕಚೇರಿಗೆ ಹೋದರು. ನಾನು ಬಾಡಿಗೆ ಸೈಕಲ್ ತೆಗೆದುಕೊಂಡು ಫೋರ್ಟ್ ಕೊಚ್ಚಿ ನೋಡಲು ಹೊರಟೆ.

ಜೆಟ್ಟಿಯಲ್ಲಿ ಬೋಟು ನಿಂತಿತ್ತು. ಸೈಕಲ್ ಹಿಡಿದ ಹತ್ತು ಹನ್ನೆರಡು ಜನ ಅದರ ಎದುರಿಗೆ ನಿಂತಿದ್ದರು. ನನ್ನನ್ನು ಕಂಡದ್ದೇ ಎಲ್ಲರೂ ದಾರಿ ಬಿಟ್ಟರು. “ಕೇರಿಕ್ಕೋ ಸಾರೇ, ಕೇರಿಕ್ಕೋ” ಎಂದು ಹತ್ತಲು ಹೇಳಿದರು. ಒಬ್ಬ ನನ್ನ ಸೈಕಲ್ಲಿನ ಹಿಂದಿನ ಗಾಲಿಯನ್ನು ತಾನೇ ಎತ್ತಿಕೊಟ್ಟ. ನನಗೆ ನಿಜವಾಗಿ ಮನಸ್ಸು ತುಂಬಿತು. ಹುಬ್ಬಳ್ಳಿಯ ಸ್ಟ್ಯಾಂಡಿನಲ್ಲಿ ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ಒಗೆದು ಸೀಟು ಹಿಡಿಯುವ ನಮ್ಮ ಜನ ಇದನ್ನು ನೋಡಿ ಕಲಿಯಬೇಕು ಎಂದುಕೊಂಡು, ಎಲ್ಲರಿಗೂ ಕೈಮುಗಿದು, ಮೊದಲಿಗನಾಗಿ ಹತ್ತಿದೆ.

ಸೈಕಲ್ಲುಗಳಿಗೆ ಬೋಟಿನಲ್ಲಿ ಇರುವುದು ಒಂದೇ ಬಾಗಿಲು. ನನ್ನದನ್ನು ಒಳಗಿನ ಮೂಲೆಗೆ ಒರಗಿಸಿದರು. ಅದರ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು. ಕೊನೆಗೆ ಮೀನಿನ ಬುಟ್ಟಿ ಕಟ್ಟಿದ ಎರಡು ಸೈಕಲ್ ಬಂದವು.

ಫೋರ್ಟ್ ಕೊಚ್ಚಿ ಬಂತು. ಕೊನೆಗೆ ಹತ್ತಿದವನು ಮೊದಲು ಇಳಿದು ಹೋದ. ಹಾಗೇ ಒಬ್ಬೊಬ್ಬರಾಗಿ ಹೋದರು. ನನ್ನ ಸರದಿ ಬಂದಾಗ ನನ್ನ ಬ್ರೇಕಿನ ತಂತಿ ಬುಟ್ಟಿಯ ಹಗ್ಗಕ್ಕೆ ಸಿಕ್ಕಿತ್ತು. ಮೀನಿನವನು ಬೈಯುತ್ತ ಬಿಡಿಸಿಕೊಂಡು ಹೋದ. ಅಷ್ಟರಲ್ಲಿ ಮರಳುವ ಜನ ಹತ್ತಿದರು, ಅವರ ಸೈಕಲ್ಲುಗಳು ನನ್ನದರ ಮೇಲೆ ಒರಗಿದವು, ಬೋಟು ಹೊರಟಿತು. ಫೋರ್ಟ್ ಕೊಚ್ಚಿಯನ್ನು ನಾನು ಎಂಟಡಿ ದೂರದಿಂದ ನೋಡಿ ವಾಪಸು ಎರ್ಣಾಕುಲಕ್ಕೆ ಬಂದೆ.

ಸಂಜೆ ಇದನ್ನು ಹೇಳಿದಾಗ ಭಾವ ನಕ್ಕು ನಕ್ಕು ಚಹಾ ಚೆಲ್ಲಿಕೊಂಡರು.

“ಅಲ್ಲೋ ಮಾರಾಯಾ, ಜೆಟ್ಟಿಮ್ಯಾಲೆ ‘ನೀವು ಮೊದಲು’ ಅಂದ್ರ ‘ನೀ ಒಳಗ ಹೋಗಿ ಸಿಕ್ಕೊ’ ಅಂತ ಅರ್ಥ. ಪಂದ್ಯದಾಗೂ ಅದಽ. ಆ ದಂಡಿಗೆ ಯಾರು ಮೊದಲು ಇಳೀತಾರ? ಈ ದಂಡಿಯಾಗ ಯಾರು ಕಡೀಕೆ ಹತ್ತತಾರ ಅವರು. ಅದಕ್ಕ ಎಲ್ಲಾರೂ ಇಲ್ಲಿ ನಿಂತು ಒಬ್ಬರಿಗೊಬ್ಬರು ಮರ್ಯಾದಿ ಮಾಡ್ತಾರ. ಬೋಟು ಬಿಡೂದಕ್ಕ ಟೈಮ್ ಇಲ್ಲ, ಗಂಟಿ ಇಲ್ಲ. ಹಗ್ಗ ಬಿಚ್ಚಿದ್ರ ಹೋತು, ಅಷ್ಟಽ.”

“ಹಾಂಗಾದ್ರ ನೀವು…”

“ನಾ ಜೆಟ್ಟಿಗೆ ಮುಟ್ಟೂದು ಯಾವಾಗಲೂ ಟೈಮಿಗೇ. ನನಗ ಬೋಟು ತಪ್ಪೂದು ಮರ್ಯಾದಿಯೊಳಗ. ಕಡೀಕೆ ನಾನು, ಟ್ಯುಟೋರಿಯಲ್ಲಿನ ಔಸೇಪ್ ಮಾಷು, ಅಂದ್ರ ಮಾಸ್ತರು, ಇಬ್ಬರಽ ಉಳೀತೇವಿ. ಅಂವಾ ‘ಸಾರ್ ಆದ್ಯಂ’ ಅಂತಾನ. ಸಾರ್ ಮೊದಲು ಅಂತ. ನಾ ‘ಮಾಷ್ ಆದ್ಯಂ’ ಅಂತೇನಿ. ಅಂತಿರಬೇಕಾದ್ರನಽ ಅಂವಾ ಜಿಗಿದಿರತಾನ.”

ಒಳಗಿನಿಂದ ಅಕ್ಕನ ಧ್ವನಿ ಬಂತು. “ಎಲ್ಲಾರ್ಕಿಂತ ಮೊದಲು ಹತ್ತಿ ಕೂತರ ಏನು ಗಂಟು ಹೋಗ್ತದಂತ?”

ಭಾವನ ನಗು ನಿಂತಿತು.

“ಮೊದಲು ಹತ್ತೂದು ಹೊಸಬರು. ಅತಿಥಿಗಳು. ಮೂರು ವರ್ಷ ಇದ್ದೇನಿ ಇಲ್ಲೆ. ಹೋಗೋ ಮುಂದ ಅತಿಥಿ ಆಗಿ ಹೋಗಲೇನು?”

ಅಕ್ಕ ಹೊರಗೆ ಬಂದು ಚೆಲ್ಲಿದ ಚಹಾ ಒರೆಸಿದಳು.

ಶನಿವಾರ, ಜೆಟ್ಟಿಯ ಚಹಾ ಅಂಗಡಿ

ನನಗೆ ಒಂದು ಉಪಾಯ ಹೊಳೆಯಿತು. ಹಗ್ಗ ಬಿಚ್ಚುವುದು ಲಾಸ್ಕರ್, ಅಂದರೆ ಬೋಟಿನ ಕೆಲಸದಾಳು. ದಡದಲ್ಲಿ ನಿಂತವರಿಗೆ ಅವನ ಕೈ ಕಾಣುವುದಿಲ್ಲ. ಕಂಬ ಅಡ್ಡ ಬರುತ್ತದೆ. ಬೋಟಿನೊಳಗಿದ್ದವನಿಗೆ ಕಾಣುತ್ತದೆ. ಬಾಡಿಗೆ ಸೈಕಲ್ಲಿನಲ್ಲಿ ನಾನೂ ಪಂದ್ಯಕ್ಕೆ ಸೇರಿದರಾಯಿತು, ಹೇಗೂ ಹೊಸಬ. ಮೊದಲು ಹತ್ತಿ ಒಳಗಿನಿಂದ ನೋಡಿ ಭಾವನಿಗೆ ಕೂಗಿ ಹೇಳಬಹುದು. ಕನ್ನಡದಲ್ಲಿ ಕೂಗಿದರೆ ಔಸೇಪ್ ಮಾಷಿಗೆ ತಿಳಿಯದು.

ಹಗ್ಗಕ್ಕೆ ಕೈ ಹಾಕಿದ ಮೇಲೆ ಕೂಗಿದರೆ ತಡವಾದೀತು. ಅದಕ್ಕೂ ಮೊದಲು ಲಾಸ್ಕರ್ ಏನು ಮಾಡುತ್ತಾನೆಂದು ತಿಳಿಯಬೇಕು. ಬೆಳಿಗ್ಗೆ, ಕಂಬ ಅಡ್ಡ ಬಾರದ ಚಹಾ ಅಂಗಡಿಯಲ್ಲಿ ಕುಳಿತು ಐದು ಬೋಟು ಹೋಗುವುದನ್ನು ನೋಡಿದೆ. ಐದು ಸಲವೂ ಅವನು ಸೇದುತ್ತಿದ್ದ ಬೀಡಿಯನ್ನು ಆರಿಸಿ ಕಿವಿಯ ಮೇಲೆ ಸಿಕ್ಕಿಸಿಕೊಂಡ, ಆಮೇಲೆ ಹಗ್ಗಕ್ಕೆ ಬಗ್ಗಿದ. ಇದಕ್ಕಿಂತ ಖಚಿತವಾದದ್ದು ಏನು ಬೇಕು?

ಐದನೆಯ ಬೋಟಿನ ಹೊತ್ತಿಗೆ ಎದುರಿನ ಬೆಂಚಿಗೆ ಒಬ್ಬರು ಬಂದು ಕುಳಿತರು. ತೆಳ್ಳಗೆ, ಉದ್ದಕ್ಕೆ, ಬಿಳಿ ಪಂಚೆ. ನನ್ನ ಚಹಾದ ದುಡ್ಡನ್ನು ನಾನು ಬೇಡವೆನ್ನುವ ಮೊದಲೇ ಕೊಟ್ಟುಬಿಟ್ಟರು.

“ಸಾರಿನ ಭಾಮೈದ, ಅಲ್ಲವೇ?” ಎಂದು ಇಂಗ್ಲಿಷಿನಲ್ಲಿ ಕೇಳಿದರು. “ನಾನು ಔಸೇಪ್. ಟ್ಯುಟೋರಿಯಲ್ಲಿನಲ್ಲಿ ಗಣಿತ ಹೇಳುತ್ತೇನೆ. ನಿಮ್ಮ ಭಾವನಷ್ಟು ಸಭ್ಯ ಮನುಷ್ಯನನ್ನು ನಾನು ನೋಡಿಲ್ಲ. ಎಲ್ಲರೂ ಹತ್ತಿದ ಮೇಲೂ ದಡದಲ್ಲೇ ನಿಂತಿರುತ್ತಾರೆ.”

“ನಾಳೆ ನೋಡೋಣ ಮಾಷೇ,” ಎಂದೆ.

“ನೋಡೋಣ, ನೋಡೋಣ. ನೀವು ಮೊದಲು ಹತ್ತಿ. ಒಳ್ಳೆಯ ಜಾಗ ಸಿಗುತ್ತದೆ.” ಮುಖದಲ್ಲಿ ನಗುವಿನ ಗೆರೆಯೂ ಇಲ್ಲ.

ಮಧ್ಯಾಹ್ನ ಅಕ್ಕನ ಜೊತೆ ಬ್ರಾಡ್‌ವೇ ಪೇಟೆಗೆ ಹೋದೆ. ನಾಗಪುರಕ್ಕೆಂದು ಭಾವನಿಗೆ ದಪ್ಪ ಅಟ್ಟೆಯ ಕಂದು ಚಪ್ಪಲಿ ಕೊಂಡಳು. ಭಾವ ಮನೆಯಲ್ಲಿ ಹಾಕಿಕೊಂಡು ನಾಲ್ಕು ಹೆಜ್ಜೆ ನಡೆದು “ಕಚ್ಚತಾವ” ಎಂದರು.

“ನಾಳೆ ಹಾಕ್ಕೊಂಡು ಹೋಗ್ರಿ, ಪಳಗತಾವ,” ಎಂದಳು ಅಕ್ಕ. “ಹೆಂಗೂ ಚೀಲದೊಳಗಿಂದ ನಿಮ್ಮವು ನೀವಽ ಮೊದಲು ತಕ್ಕೊಂಡು ಹಾಕ್ಕೊಳ್ಳೋರು.”

ಭಾನುವಾರ, ಪಾಲಾರಿವಟ್ಟದಿಂದ ಜೆಟ್ಟಿ

ಇಪ್ಪತ್ತಾರು ಜನ ಹೊರಟೆವು. ಪಂಚೆ ಎತ್ತಿ ಕಟ್ಟಿದವರು ಹತ್ತೊಂಬತ್ತು, ಚಡ್ಡಿಯ ಹುಡುಗರು ಐವರು, ಪ್ಯಾಂಟಿನವರು ನಾನು ಮತ್ತು ಭಾವ. ನನ್ನದು ಲೇಸು ಕಟ್ಟುವ ಕ್ಯಾನ್‌ವಾಸ್ ಬೂಟಾದ್ದರಿಂದ ಚೀಲಕ್ಕೆ ಹಾಕಲಿಲ್ಲ. ಭಾವ ತಮ್ಮ ಹೊಸ ಚಪ್ಪಲಿ ಚೀಲಕ್ಕೆ ಹಾಕಿ, ಅದರ ಬಾಯಿ ತಾವೇ ಕಟ್ಟಿದರು. ಆ ಗಂಟು ಹಾಕುವುದು ಅವರಿಗೆ ಚೆನ್ನಾಗಿ ರೂಢಿಯಿದೆ ಎಂದು ಯಾರೋ ಹೇಳಿದರು, ಎಲ್ಲರೂ ನಕ್ಕರು, ಭಾವನೂ ನಕ್ಕರು, ಆದರೆ ತಡವಾಗಿ.

ಮೊದಲ ಹಂತದ ಬಗ್ಗೆ ಬರೆಯುವುದು ಕಡಿಮೆ. ರಸ್ತೆ ಸಪಾಟು. ನಮ್ಮ ಕಡೆಯ ಪಂದ್ಯವಾಗಿದ್ದರೆ ಇಲ್ಲೇ ತೀರ್ಮಾನವಾಗುತ್ತಿತ್ತು. ಧಾರವಾಡದ ಹಾಸ್ಟೆಲ್ ಹುಡುಗರು ಹುಬ್ಬಳ್ಳಿಯವರೆಗೆ ಪಂದ್ಯ ಕಟ್ಟಿದರೆ ಮಧ್ಯದಲ್ಲಿ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ಇಲ್ಲಿ ಜೋರಾಗಿ ತುಳಿದವನು ನಾನೊಬ್ಬನೇ. ಜೆಟ್ಟಿಗೆ ಮೊದಲು ಮುಟ್ಟಿದ್ದೂ ನಾನೇ. ಉಳಿದವರು ಒಬ್ಬೊಬ್ಬರಾಗಿ ಬಂದು, ಸೈಕಲ್ ನಿಲ್ಲಿಸಿ, ಬೆವರು ಒರಸಿ, ಪಂಚೆಯ ಮಡಿಕೆ ಇಳಿಬಿಟ್ಟು ಸಭ್ಯರಾದರು. ಒಬ್ಬ ಚಹಾ ಹೇಳಿದ. ಒಬ್ಬ ಇಲ್ಲದ ಪಂಕ್ಚರ್ ಹುಡುಕತೊಡಗಿದ. ಇಬ್ಬರು ರಾಜಕೀಯ ಮಾತಾಡಿದರು. ಎಲ್ಲರ ಕಣ್ಣೂ ಬೋಟಿನ ಕಡೆಗೆ, ಎಲ್ಲರ ಬೆನ್ನೂ ಬೋಟಿನ ಕಡೆಗೆ. ಅದು ಹೇಗೆ ಸಾಧ್ಯವೆಂದು ಕೇಳಬಾರದು, ನಾನು ನೋಡಿದ್ದೇನೆ.

ನಾನು ಮೊದಲು ಹತ್ತಿದೆ. ಚಪ್ಪಾಳೆ ತಟ್ಟಿದರು.

ಸ್ವಲ್ಪ ಹೊತ್ತಿಗೆ ಧೈರ್ಯ ಸಾಲದವರು ಹತ್ತತೊಡಗಿದರು. ಒಬ್ಬ ಹತ್ತಿದ ಕೂಡಲೇ ನಾಲ್ವರಿಗೆ ಗಾಬರಿಯಾಗಿ ಅವರೂ ಹತ್ತುತ್ತಿದ್ದರು. ಸೈಕಲ್ಲುಗಳು ಗೋಡೆಯಂತೆ ಬೆಳೆದವು. ಆಗ ನನ್ನ ಲೆಕ್ಕದ ಮೊದಲ ತಪ್ಪು ಕಂಡಿತು: ನಾನಿದ್ದ ಮೂಲೆಯಿಂದ ಲಾಸ್ಕರನ ತಲೆ ಮಾತ್ರ ಕಾಣುತ್ತಿತ್ತು, ಕೈ ಕಾಣುತ್ತಿರಲಿಲ್ಲ. ತಲೆ ಸಾಕು, ಬೀಡಿ ಕಿವಿಗೆ ಬಂದರೆ ಗೊತ್ತಾಗುತ್ತದೆ ಎಂದು ಸಮಾಧಾನ ಮಾಡಿಕೊಂಡೆ. ಕಿವಿಯನ್ನೇ ನೋಡುತ್ತ ನಿಂತೆ.

ದಡದಲ್ಲಿ ಇಬ್ಬರೇ ಉಳಿದರು.

“ಸಾರ್ ಆದ್ಯಂ,” ಎಂದರು ಔಸೇಪ್ ಮಾಷು, ಕೈ ಬೋಟಿನ ಕಡೆ ಚಾಚಿ.

“ಅಯ್ಯೋ ವೇಣ್ಡ. ಮಾಷ್ ಆದ್ಯಂ,” ಎಂದರು ಭಾವ, ಬೇಡವೆಂದು ಕೈಯಾಡಿಸುತ್ತ.

“ಸಾರು ಊರು ಬಿಟ್ಟು ಹೋಗುವವರು.”

“ಅದಕ್ಕೇ ಹೇಳುವುದು, ಮಾಷು ಇಲ್ಲೇ ಇರುವವರು.”

ಬೋಟಿನಲ್ಲಿ ನಗು. ಕಿವಿಯ ಮೇಲೆ ಬೀಡಿ ಬಂದಿರಲಿಲ್ಲ. ಲಾಸ್ಕರನ ದವಡೆ ಆಡುತ್ತಿತ್ತು. ಇವತ್ತು ಅವನು ಬೀಡಿ ಸೇದುತ್ತಿಲ್ಲ, ಎಲೆಯಡಿಕೆ ಹಾಕಿದ್ದಾನೆ ಎಂದು ನನಗೆ ಹೊಳೆಯುವಷ್ಟರಲ್ಲಿ ಆ ತಲೆ ಕೆಳಗೆ ಬಗ್ಗಿ ಕಾಣದಾಯಿತು. ಬಾಯಿ ತೆರೆದೆ. ಏನು ಕೂಗಬೇಕೆಂದು ಗೊತ್ತುಮಾಡಿದ್ದೆನೋ ಅದೇ ಮರೆತುಹೋಯಿತು.

“ಏನ್ರೀ! ಬಿಚ್ಚಿದಾ! ಹತ್ರೀ!”

ಬಾಗಿಲ ಪಕ್ಕದಲ್ಲೇ ಹೆಂಗಸರ ಬೆಂಚು. ಕೂಗಿದ್ದು, ವ್ಯಾನಿನಲ್ಲಿ ಬಂದು ಅಲ್ಲಿ ಕುಳಿತಿದ್ದ ಅಕ್ಕ. ಎದ್ದು ನಿಂತಿದ್ದಳು. ಈ ಊರಿನಲ್ಲಿ ಮೂರು ವರ್ಷ ಅವಳು ಕೂಗಿ ಮಾತಾಡಿದ್ದನ್ನು ಕೇಳಿದವರಿಲ್ಲ. ಪಕ್ಕದವರು ಬೆಚ್ಚಿ ಸರಿದರು.

ಭಾವ “ಮಾಷ್ ಆ…” ಎಂದವರು ಮಾತು ಅಲ್ಲೇ ಬಿಟ್ಟು ಸೈಕಲ್ ಎತ್ತಿ ಜಿಗಿದರು. ಮುಂದಿನ ಗಾಲಿ ಬಂತು, ಹೊಟ್ಟೆ ಬಂತು, ಹಿಂದಿನ ಗಾಲಿ ಎರಡು ಕ್ಷಣ ನೀರಿನ ಮೇಲೆ ತೂಗಿತು. ಅಕ್ಕ ಕ್ಯಾರಿಯರ್ ಹಿಡಿದು ಒಳಗೆಳೆದಳು. ಮಾಷು ಇನ್ನೂ ಕೈ ಚಾಚಿಕೊಂಡೇ ನಿಂತಿದ್ದರು. ಅವರಿಗೂ ಬೋಟಿಗೂ ನಡುವೆ ನೀರು ಬೆಳೆಯಿತು.

ಆಮೇಲೆ ಯಾರೋ ಸೈಕಲ್ಲಿನ ಗಂಟೆ ಬಾರಿಸಿದ. ಇನ್ನೊಬ್ಬ ಬಾರಿಸಿದ. ಆಚೆ ದಡ ಬರುವವರೆಗೂ ಇಪ್ಪತ್ತೈದು ಸೈಕಲ್ಲುಗಳ ಗಂಟೆ ನಿಲ್ಲಲಿಲ್ಲ. ಭಾವ ಬಾಗಿಲ ಹತ್ತಿರ ಬೆವರುತ್ತ ನಿಂತಿದ್ದರು. ಅಕ್ಕ ಕುಳಿತು, ಸೆರಗು ಸರಿಮಾಡಿಕೊಂಡು, ನೀರಿನ ಕಡೆ ನೋಡತೊಡಗಿದಳು.

ಭಾನುವಾರ, ಫೋರ್ಟ್ ಕೊಚ್ಚಿ

ಭಾವ ಮೊದಲು ಇಳಿದರು. ದೊಡ್ಡ ಮಳೆಮರಗಳು ಶುರುವಾಗುವವರೆಗೆ ಅವರೇ ಮುಂದಿದ್ದರಂತೆ. ನಾನು ಕೊನೆಯವನಾದ್ದರಿಂದ ಕಂಡವರ ಮಾತು ಬರೆಯುತ್ತಿದ್ದೇನೆ. ಆಮೇಲೆ ಹುಡುಗರು ದಾಟಿ ಹೋದರು. ಟ್ಯುಟೋರಿಯಲ್ಲಿನ ಹುಡುಗನೊಬ್ಬ ಗೆದ್ದು ನೇಂದ್ರಬಾಳೆಯ ಗೊನೆ ಪಡೆದ. ನಾನು ಒಂಬತ್ತನೆಯವನು, ಭಾವ ಹದಿನೇಳನೆಯವರು.

ಮೈದಾನದ ನೆಲ ಕಾದಿತ್ತು. ಬರಿಗಾಲಿನ ಇಪ್ಪತ್ನಾಲ್ಕು ಜನ ಮರದ ನೆರಳಿನಲ್ಲಿ ಒತ್ತಿ ಕುಳಿತು ಚೀಲದ ದಾರಿ ಕಾದರು. ಮುಂದಿನ ಬೋಟಿಗೆ ಔಸೇಪ್ ಮಾಷು ಬಂದರು. ಚೀಲವನ್ನು ಕ್ಯಾರಿಯರಿಗೆ ಕಟ್ಟಿದ್ದು ಸಡಿಲಾಗಿ, ಒಂದು ಕೈಯಲ್ಲಿ ಹಿಡಿದುಕೊಂಡು, ಸೈಕಲ್ ತಳ್ಳುತ್ತ ಬಂದರು. ಕೂಗಾಟ ಏನು ಹೇಳಲಿ. “ಚೆರಿಪ್ಪು ಮಾಷೇ!” ಎಂದು ಅವರ ವಿದ್ಯಾರ್ಥಿಗಳೇ ಮೊದಲು ಕರೆದರು. ಭಾವ ಮಾತ್ರ ಕೂಗಲಿಲ್ಲ.

ಮಾಷು ಚೀಲ ಸುರಿದರು. ರಾಶಿ ಬಿತ್ತು. ಹೆಚ್ಚುಕಡಿಮೆ ಎಲ್ಲವೂ ಒಂದೇ ಥರದ ಕಪ್ಪು ಪಟ್ಟಿಯ ಚಪ್ಪಲಿಗಳು. ಜನ ಮುಗಿಬಿದ್ದರು. ಒಬ್ಬನ ಎಡ ಇನ್ನೊಬ್ಬನ ಬಲಕ್ಕೆ ಹೋಯಿತು, ಜಗಳ ಹತ್ತಿತು. ಮಾಷು ಎರಡು ಕೈಯಲ್ಲೂ ಒಂದೊಂದು ಹಿಡಿದು ಏನು ಮಾಡಬೇಕೆಂದು ತಿಳಿಯದೆ ನಿಂತರು.

“ಮಾಷೇ, ಇಲ್ಲಿ ಕೊಡಿ,” ಎಂದು ಭಾವ ರಾಶಿಯ ಮುಂದೆ ನೆಲಕ್ಕೇ ಕುಳಿತರು. ಆಮೇಲೆ ತಮ್ಮ ಹರಕು ಮಲಯಾಳದಲ್ಲಿ, ತಲೆ ಎತ್ತದೆ, ಕರೆಯತೊಡಗಿದರು. ಉಂಗುಟದ ಪಟ್ಟಿ ಹೊಲಿಸಿದ್ದು ತಂಗಚ್ಚನ್. ಹಿಮ್ಮಡಿ ಒಂದೇ ಕಡೆ ಸವೆದದ್ದು ಅಂಚೆಯ ರಾಘವನ್. ಕೆಂಪು ದಾರ ಕಟ್ಟಿದ್ದು ವಾಚನಶಾಲೆಯ ಅಜ್ಜ. ಕಾಯಿಪಲ್ಯದವನದು ಎರಡೂ ಎಡಗಾಲಿನವು. ಹೋದ ವರ್ಷವೂ ಹಾಗೇ ಇದ್ದವಂತೆ. ಒಂದು ಜೊತೆಯೂ ತಪ್ಪಲಿಲ್ಲ. ಗಲಾಟೆ ನಿಂತು ಜನ ಸಾಲಾಗಿ ಬಂದು ತೆಗೆದುಕೊಂಡು ಹೋದರು. ಮಾಷು ಪಕ್ಕದಲ್ಲಿ ಕುಳಿತು ರಾಶಿಯಿಂದ ಎತ್ತಿ ಎತ್ತಿ ಕೊಟ್ಟರು.

ಕೊನೆಗೆ ಒಂದು ಜೊತೆ ಉಳಿಯಿತು. ಭಾವ ಅದನ್ನು ತಿರುಗಿಸಿ ನೋಡಿದರು, ಅಟ್ಟೆ ನೋಡಿದರು, ಮೇಲೆತ್ತಿ ಹಿಡಿದು ಎಲ್ಲರಿಗೂ ಕೇಳುವಂತೆ ಇದು ಯಾರದೆಂದು ಕೇಳಿದರು. ಯಾರೂ ಮುಂದೆ ಬರಲಿಲ್ಲ.

“ಇಂಥಾ ಜೋಡು ಈ ಚೀಲದಾಗ ಎಂದೂ ಬಂದಿಲ್ಲಲಾ,” ಎಂದು ನನಗೆ ಹೇಳಿದರು.

ಮರದ ಕೆಳಗಿನಿಂದ ಅಕ್ಕ ಹೇಳಿದಳು.

“ನಿಮ್ಮವ್ರೀ ಅವು.”